ರೂವಾರಿಯ ಕಲಿಕೆ: ಗುಬ್ಬಿ–ಕುಣಿಗಲ್ ಸೀಮೆಯಲ್ಲಿ ಪಾತ್ರರೂಪಣೆಯ ಪರಂಪರೆ

ಪೀಠಿಕೆ

ಕನ್ನಡ ಶಾಸನಗಳಲ್ಲಿ ಶಿಲ್ಪಿಗೆ ಬಳಕೆಯಾಗಿರುವ ಹೆಸರುಗಳಲ್ಲಿ ‘ರೂವಾರಿ’ ಎಂಬುದು ವಿಶಿಷ್ಟವಾದುದು. ರೂಪವನ್ನು ಮಾಡುವವನು, ಅಂದರೆ ರೂಪಕಾರ ಎಂಬುದು ಇದರ ಅರ್ಥ. ಶಾಸನಗಳಲ್ಲಿ ಕಲ್ಲುಕೆಲಸದವನಿಗೆ ಸಂದಿರುವ ಈ ಹೆಸರಿನೊಳಗೆ ಕಲ್ಲು ಎಂಬ ಮಾತಿಲ್ಲ; ಯಾವ ಮಾಧ್ಯಮದಲ್ಲಿಯೇ ಆಗಲಿ, ದೇವರಿಗೋ ದಾನವನಿಗೋ ಅರಸನಿಗೋ ವಿದೂಷಕನಿಗೋ ಕಣ್ಣಿಗೆ ಕಾಣುವ ಒಂದು ಆಕಾರವನ್ನು ಕಲ್ಪಿಸಿಕೊಡುವ ಯಾರಿಗಾದರೂ ಅದು ಒಪ್ಪುತ್ತದೆ. ಇಂದು ಚಲನಚಿತ್ರ, ಆನಿಮೇಷನ್ ಹಾಗೂ ಗಣಕಯಂತ್ರದ ಆಟಗಳ ಕ್ಷೇತ್ರದಲ್ಲಿ ‘ಕ್ಯಾರೆಕ್ಟರ್ ಡಿಸೈನರ್’ ಎಂಬ ವೃತ್ತಿ ಪ್ರತ್ಯೇಕವಾಗಿ ಬೆಳೆದಿದೆ. ಆ ವೃತ್ತಿಯವರ ಮುಂದಿರುವ ಮುಖ್ಯ ಪ್ರಶ್ನೆ, ಪಾತ್ರವೊಂದನ್ನು ನೋಡುಗ ಕಂಡೊಡನೆ ಗುರುತಿಸುವಂತೆ ರೂಪಿಸುವ ಕೌಶಲವನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದು. ಈ ಪ್ರಶ್ನೆ ಹೊಸದಲ್ಲ. ಗ್ರಾಮೀಣ ಕಲಾವಿದರು ಅದನ್ನು ತಲೆಮಾರುಗಳಿಂದ ಎದುರಿಸುತ್ತ ಬಂದಿದ್ದಾರೆ; ತಮ್ಮದೇ ಆದ ಉತ್ತರಗಳನ್ನೂ ಕಂಡುಕೊಂಡಿದ್ದಾರೆ.

ತುಮಕೂರು ಜಿಲ್ಲೆಯ ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಸೀಮೆ ಈ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿದೆ. ಗುಬ್ಬಿ ತಾಲ್ಲೂಕಿನ ದಕ್ಷಿಣ ಭಾಗದ ಹೋಬಳಿ ಕೇಂದ್ರವಾದ ಸಿ.ಎಸ್. ಪುರವನ್ನು ನಡುವೆ ಇಟ್ಟುಕೊಂಡು ನೋಡಿದರೆ, ಉತ್ತರಕ್ಕೆ ವೃತ್ತಿರಂಗಭೂಮಿಯ ತವರಾದ ಗುಬ್ಬಿ ಇದೆ. ಪೂರ್ವಕ್ಕೆ ಜಕಣಾಚಾರಿಯ ಐತಿಹ್ಯವನ್ನು ಹೊತ್ತ ಕೈದಾಳ ಮತ್ತು ಮಣ್ಣಿನ ಗಣಪತಿಗೆ ಹೆಸರಾದ ಗೂಳೂರು ಇವೆ. ಸುತ್ತಲಿನ ಕುಣಿಗಲ್, ತುರುವೇಕೆರೆ, ತಿಪಟೂರು, ನಾಗಮಂಗಲ ಸೀಮೆಗಳು ಮೂಡಲಪಾಯ ಯಕ್ಷಗಾನ ಮತ್ತು ತೊಗಲುಗೊಂಬೆಯಾಟಗಳು ಸಂಚರಿಸಿದ ನೆಲ. ಕಲ್ಲು, ಮಣ್ಣು, ತೊಗಲು, ಮುಖವರ್ಣಿಕೆ, ರಂಗವೇಷ ಎಂಬ ಐದು ಮಾಧ್ಯಮಗಳ ಪಾತ್ರರೂಪಣೆಯನ್ನು ಇಷ್ಟು ಕಿರಿದಾದ ಭೂಪ್ರದೇಶದಲ್ಲಿ ಒಟ್ಟಿಗೆ ಪರಿಶೀಲಿಸಬಹುದಾಗಿರುವುದು ಗಮನಾರ್ಹ.

ಈ ಕಲೆಗಳನ್ನು ಕುರಿತ ಬರವಣಿಗೆ ಹೆಚ್ಚಾಗಿ ಅವುಗಳ ಇತಿಹಾಸ, ಪ್ರದರ್ಶನ ಕ್ರಮ, ಸಾಹಿತ್ಯಗಳನ್ನು ವಿವರಿಸಿದೆ. ಪಾತ್ರಕ್ಕೆ ರೂಪ ಕೊಡುವ ವಿದ್ಯೆಯನ್ನು ಕಲಾವಿದ ಹೇಗೆ ಗಳಿಸಿದ, ಹೇಗೆ ಬೆಳೆಸಿಕೊಂಡ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ. ಈ ಸೀಮೆಯಲ್ಲಿ ಪಾತ್ರರೂಪಣೆಯ ಕೌಶಲ ಉಳಿದು ಬಂದುದು ರೂಪಗಳು ಉಳಿದುದರಿಂದಲ್ಲ, ಅವು ಅಳಿಯುತ್ತಿದ್ದುದರಿಂದ. ಅಳಿದುದನ್ನು ಮತ್ತೆ ಮಾಡಲೇಬೇಕಾದ ಅನಿವಾರ್ಯತೆಯೇ ಇಲ್ಲಿನ ಗುರು ಎಂಬುದು ಲೇಖನದ ಮುಖ್ಯ ಪ್ರತಿಪಾದನೆ.

ಕಲ್ಲು: ಐತಿಹ್ಯವಾಗಿ ಉಳಿದ ಕಲಿಕೆ

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಗೂಳೂರಿನ ಸಮೀಪ ಕೈದಾಳವಿದೆ. ಇಲ್ಲಿನ ಚೆನ್ನಕೇಶವ ದೇವಾಲಯ ಹೊಯ್ಸಳ ಒಂದನೆಯ ನರಸಿಂಹನ ಕಾಲಕ್ಕೆ ಸೇರಿದುದು. 1150ರ ಶಾಸನವು ಬಾಚಿ ಎಂಬ ಸ್ಥಳೀಯ ನಾಯಕನ ನಿರ್ಮಾಣ ಕಾರ್ಯವನ್ನು ದಾಖಲಿಸುತ್ತದೆ. ಆದರೆ ಜನರ ನೆನಪಿನಲ್ಲಿ ಈ ಊರು ಬಾಚಿಯದಲ್ಲ, ಜಕಣಾಚಾರಿಯದು. ಬೇಲೂರಿನಲ್ಲಿ ಜಕಣನು ಕಡೆದು ಮುಗಿಸಿದ ಮೂರ್ತಿಯಲ್ಲಿ ದೋಷವಿದೆಯೆಂದು ತರುಣನೊಬ್ಬ ನುಡಿಯುತ್ತಾನೆ. ಮೂರ್ತಿಗೆ ಗಂಧವನ್ನು ಲೇಪಿಸಿದಾಗ ಹೊಕ್ಕುಳ ಭಾಗವೊಂದನ್ನು ಬಿಟ್ಟು ಉಳಿದೆಡೆ ಅದು ಒಣಗುತ್ತದೆ. ಆ ಜಾಗವನ್ನು ಉಳಿಯಿಂದ ಕೆತ್ತಿದಾಗ ಒಳಗಿನಿಂದ ನೀರೂ ಕಪ್ಪೆಯೂ ಹೊರಬೀಳುತ್ತವೆ. ಕೊಟ್ಟ ಮಾತಿನಂತೆ ಜಕಣನು ತನ್ನ ಬಲಗೈಯನ್ನು ಕತ್ತರಿಸಿಕೊಳ್ಳುತ್ತಾನೆ. ದೋಷವನ್ನು ತೋರಿದವನು ತನ್ನ ಮಗ ಡಂಕಣನೆಂದು ಬಳಿಕ ತಿಳಿಯುತ್ತದೆ. ದೈವದ ಅಪ್ಪಣೆಯಂತೆ ತನ್ನ ಹುಟ್ಟೂರಾದ ಕ್ರೀಡಾಪುರದಲ್ಲಿ ದೇವಾಲಯ ಕಟ್ಟಿದಾಗ ಕೈ ಮರಳಿ ಬಂದು, ಊರಿಗೆ ಕೈದಾಳವೆಂಬ ಹೆಸರಾಯಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಜಕಣಾಚಾರಿಯ ಚಾರಿತ್ರಿಕತೆಯನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೊಯ್ಸಳ ದೇವಾಲಯಗಳಲ್ಲಿ ಸಹಿಯ ರೂಪದಲ್ಲಿ ದೊರೆಯುವ ಹೆಸರುಗಳು ಬೇರೆ. ಬೇಲೂರಿನಲ್ಲಿ ದಾಸೋಜ ಹಾಗೂ ಚಾವಣ, ನುಗ್ಗೇಹಳ್ಳಿಯಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ, 1258ರ ಸೋಮನಾಥಪುರದಲ್ಲಿ ಮತ್ತೆ ಮಲ್ಲಿತಮ್ಮ ಕಾಣಿಸಿಕೊಳ್ಳುತ್ತಾರೆ. ಆದರೆ ಐತಿಹ್ಯವನ್ನು ಇತಿಹಾಸದ ದಾಖಲೆಯೆಂದು ಓದದೆ ಕಲಿಕೆಯ ಕಥನವೆಂದು ಓದಿದರೆ ಬೇರೆಯೇ ಅರ್ಥ ಹೊರಡುತ್ತದೆ. ಮಾಡಿದವನ ಕಣ್ಣು ತನ್ನ ಕೃತಿಯ ದೋಷವನ್ನು ಕಾಣಲಾರದು, ಅದಕ್ಕೆ ಇನ್ನೊಬ್ಬನ ಕಣ್ಣು ಬೇಕು ಎಂಬುದು ಮೊದಲನೆಯದು. ದೋಷವನ್ನು ವಾದದಿಂದಲ್ಲ, ಪ್ರಯೋಗದಿಂದ ತೋರಿಸಬೇಕು ಎಂಬುದು ಎರಡನೆಯದು. ಕಲಿಸಿದವನಿಗಿಂತ ಕಲಿತವನು ಸೂಕ್ಷ್ಮನಾಗಬಹುದು ಎಂಬುದು ಮೂರನೆಯದು. ಮೂರ್ತಿಶಿಲ್ಪದ ಕಲಿಕೆಯಲ್ಲಿ ತಿದ್ದಿಸಿಕೊಳ್ಳುವ ಗುಣಕ್ಕೆ ಇದ್ದ ಸ್ಥಾನವನ್ನು ಈ ಕಥೆ ಕಾಪಾಡಿಕೊಂಡು ಬಂದಿದೆ.

ಶಿಷ್ಟ ಪರಂಪರೆಯಲ್ಲಿ ಈ ವಿದ್ಯೆಗೆ ಲಿಖಿತ ಲಕ್ಷಣಗ್ರಂಥಗಳೂ ಇದ್ದವು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗವು ಪುರುಷರನ್ನು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದಾಗಿ ವಿಂಗಡಿಸಿ, ಅವರಿಗೆ ಕ್ರಮವಾಗಿ 108, 106, 104, 100 ಮತ್ತು 90 ಅಂಗುಲಗಳ ಎತ್ತರವನ್ನು ನಿಗದಿಪಡಿಸುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ಚಿತ್ರಕಲೆಯನ್ನು ವಿವರವಾಗಿ ಚರ್ಚಿಸುತ್ತದೆ. ಸ್ವಭಾವಕ್ಕೂ ಅಳತೆಗೂ ಸಂಬಂಧ ಕಲ್ಪಿಸುವುದು ಇಂತಹ ಗ್ರಂಥಗಳ ಕ್ರಮ. ಜನಪದ ಕಲಾವಿದರು ಈ ಗ್ರಂಥಗಳನ್ನು ಓದಿದವರಲ್ಲ. ಆದರೂ ಅಳತೆಯಿಂದ ಸ್ವಭಾವವನ್ನು ಸೂಚಿಸುವ ಇದೇ ತತ್ತ್ವ ಅವರ ಕೈಯಲ್ಲಿ ಬೇರೊಂದು ದಾರಿಯಿಂದ ರೂಢಿಗೊಂಡಿತ್ತು ಎಂಬುದು ಮುಂದಿನ ವಿವರಗಳಿಂದ ತಿಳಿಯುತ್ತದೆ.

ಕಲ್ಲಿನ ಮೂರ್ತಿ ಶತಮಾನಗಳ ಕಾಲ ನಿಲ್ಲುತ್ತದೆ. ನಿಂತಿರುವುದರಿಂದಲೇ ಅದನ್ನು ಆ ಊರಿನಲ್ಲಿ ಮತ್ತೆ ಮಾಡುವ ಅಗತ್ಯ ಬೀಳುವುದಿಲ್ಲ. ಕೈದಾಳದಲ್ಲಿ ಮೂರ್ತಿ ಉಳಿದಿದೆ. ಅದನ್ನು ಕಡೆದ ಕೈಯ ಕಲಿಕೆ ಕಥೆಯಾಗಿ ಮಾತ್ರ ಉಳಿದಿದೆ. ಇದಕ್ಕೆ ತೀರ ವಿರುದ್ಧವಾದ ನಿದರ್ಶನ ಪಕ್ಕದ ಊರಿನಲ್ಲಿಯೇ ದೊರೆಯುತ್ತದೆ.

ಮಣ್ಣು: ವರ್ಷಾವರ್ತನೆಯ ಪಾಠ

ಗೂಳೂರಿನ ಗಣಪತಿ ಮಣ್ಣಿನ ಮೂರ್ತಿ. ಊರ ಕೆರೆಯ ಮಣ್ಣಿನಿಂದ ಗಣೇಶ ಚತುರ್ಥಿಯಂದು ಇದರ ಕೆಲಸ ಆರಂಭವಾಗುತ್ತದೆ. ಆಳೆತ್ತರವನ್ನು ಮೀರುವ ಈ ಮೂರ್ತಿ ದೀಪಾವಳಿಯ ಬಲಿಪಾಡ್ಯಮಿಯ ಹೊತ್ತಿಗೆ ಪೂರ್ಣಗೊಂಡು ಪ್ರತಿಷ್ಠಿತವಾಗುತ್ತದೆ. ಕಾರ್ತಿಕ ಮಾಸದುದ್ದಕ್ಕೂ ಪೂಜೆಗೊಂಡು, ಜಾತ್ರೆಯ ಬಳಿಕ ಅದೇ ಕೆರೆಯಲ್ಲಿ ವಿಸರ್ಜನೆಯಾಗುತ್ತದೆ. ಬೇರೆಡೆಗಳಲ್ಲಿ ಚೌತಿಯಂದು ಮೂರ್ತಿಯ ಪೂಜೆ ಆರಂಭವಾದರೆ ಇಲ್ಲಿ ಮೂರ್ತಿಯ ರಚನೆ ಆರಂಭವಾಗುತ್ತದೆ ಎಂಬುದು ಈ ಆಚರಣೆಯ ವೈಶಿಷ್ಟ್ಯ.

ಪಾತ್ರರೂಪಣೆಯ ದೃಷ್ಟಿಯಿಂದ ಇಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದಾಗಿ, ಹಿಂದಿನ ವರ್ಷದ ಮೂರ್ತಿ ಕೆರೆಯಲ್ಲಿ ಕರಗಿಹೋಗಿರುವುದರಿಂದ ಮುಂದಿಟ್ಟುಕೊಂಡು ನಕಲು ಮಾಡಲು ಮಾದರಿಯೇ ಇರುವುದಿಲ್ಲ. ಸೊಂಡಿಲಿನ ತಿರುವು, ಹೊಟ್ಟೆಯ ಉಬ್ಬು, ಕಿವಿಗಳ ಅಗಲ ಇವೆಲ್ಲ ಕೈಯ ನೆನಪಿನಿಂದಲೇ ಮೂಡಬೇಕು. ಎರಡನೆಯದಾಗಿ, ಕೆಲಸ ನಡೆಯುವುದು ಊರಿನ ಕಣ್ಣೆದುರಿಗೆ. ಬಾಲ್ಯದಿಂದ ಅದೇ ರೂಪವನ್ನು ನೋಡುತ್ತ ಬಂದ ಊರವರ ಕಣ್ಣಿನಲ್ಲಿ ಮೂರ್ತಿಯ ಅಳತೆ ಆಗಲೇ ನೆಲೆಗೊಂಡಿರುತ್ತದೆ. ಜಕಣನ ಕಥೆಯಲ್ಲಿ ಡಂಕಣನೊಬ್ಬನು ಮಾಡಿದ ಕೆಲಸವನ್ನು ಇಲ್ಲಿ ಇಡೀ ಊರು ಮಾಡುತ್ತದೆ. ಒಂದೇ ರೂಪವನ್ನು ವರ್ಷಕ್ಕೊಮ್ಮೆ ಮೊದಲಿನಿಂದ ಮಾಡುವುದರಿಂದ ಯಾವ ಭಾಗ ಬದಲಾದರೂ ಸಲ್ಲುತ್ತದೆ, ಯಾವುದು ಬದಲಾದರೆ ರೂಪ ಕೆಡುತ್ತದೆ ಎಂಬ ವಿವೇಕ ಬೆಳೆಯುತ್ತದೆ.

ತೊಗಲು: ದೀಪದ ಮುಂದಿನ ಗೆರೆ

ಪಾತ್ರರೂಪಣೆಯ ನಿಯಮಗಳು ಅತ್ಯಂತ ಸ್ಪಷ್ಟವಾಗಿ ಕಾಣುವುದು ತೊಗಲುಗೊಂಬೆಯಾಟದಲ್ಲಿ. ಇದನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದವರು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರು. ಮನೆಯಲ್ಲಿ ಮರಾಠಿ ಮೂಲದ ಆಡುನುಡಿಯನ್ನು, ಆಟದಲ್ಲಿ ಕನ್ನಡವನ್ನು ಬಳಸುತ್ತ ಊರಿಂದೂರಿಗೆ ಸಂಚರಿಸಿ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಆಡುವುದು ಇವರ ವಾಡಿಕೆ. ಎಂ.ಎಸ್. ನಂಜುಂಡರಾವ್ ಅವರು ಕರ್ನಾಟಕದ ತೊಗಲುಗೊಂಬೆಗಳನ್ನು ವ್ಯಾಪಕವಾಗಿ ಸಂಗ್ರಹಿಸಿ ಅಧ್ಯಯನ ಮಾಡಿದವರು. ಅವರ ಸಂಗ್ರಹಕಾರ್ಯದ ಫಲವಾಗಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ಗೊಂಬೆಗಳು ಇಂದಿಗೂ ನೋಡಲು ದೊರೆಯುತ್ತವೆ. ಈ ಗೊಂಬೆಗಳ ವಸ್ತ್ರಾಭರಣ ಹಾಗೂ ಅಂಗವಿನ್ಯಾಸಗಳಿಗೂ ಲೇಪಾಕ್ಷಿಯ ವಿಜಯನಗರ ಕಾಲದ ಭಿತ್ತಿಚಿತ್ರಗಳಿಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ.

ಗೊಂಬೆಯ ತಯಾರಿಕೆಗೆ ಸಾಮಾನ್ಯವಾಗಿ ಮೇಕೆಯ ಚರ್ಮ ಬಳಕೆಯಾಗುತ್ತದೆ. ಹಿಂದೆ ಜಿಂಕೆಯ ಚರ್ಮವೂ ಬಳಕೆಯಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದಕ್ಕೆ ಅವಕಾಶವಿಲ್ಲ. ಕೂದಲು ತೆಗೆದು, ಹದಮಾಡಿ, ಎಳೆದು ಒಣಗಿಸಿ, ಬೆಳಕು ತೂರುವಷ್ಟು ತೆಳುವಾಗಿ ಹೆರೆದ ತೊಗಲಿನ ಮೇಲೆ ರೇಖೆ ಬರೆಯಲಾಗುತ್ತದೆ. ಹೊರಗೆರೆಯನ್ನು ಕತ್ತರಿಸಿದ ಬಳಿಕ ಬಗೆಬಗೆಯ ಉಳಿಗಳಿಂದ ಸಣ್ಣ ರಂಧ್ರಗಳನ್ನು ಕೊರೆದು ಆಭರಣ, ಅಂಚು, ಹೂಬಳ್ಳಿಗಳನ್ನು ಮೂಡಿಸುತ್ತಾರೆ. ನಂತರ ಎರಡೂ ಬದಿಗೆ ಬಣ್ಣ ಹಚ್ಚಿ, ಸೀಳಿದ ಬಿದಿರುಕಡ್ಡಿಗೆ ಸಿಕ್ಕಿಸಿ ಕಟ್ಟುತ್ತಾರೆ.

ಬಿಳಿಯ ತೆರೆ, ಹಿಂದೆ ದೀಪ, ಅವೆರಡರ ನಡುವೆ ಗೊಂಬೆ, ಮುಂದೆ ಕತ್ತಲಲ್ಲಿ ಕುಳಿತ ಜನ ಎಂಬ ಈ ವ್ಯವಸ್ಥೆಯೇ ರೂಪದ ನಿಯಮಗಳನ್ನು ಹುಟ್ಟಿಸಿದೆ. ಮೊದಲ ನಿಯಮ ಹೊರಗೆರೆಯದು. ದೂರದಲ್ಲಿ ಕುಳಿತವನಿಗೆ ಬಣ್ಣಕ್ಕಿಂತ ಮೊದಲು ಕಾಣುವುದು ಆಕಾರದ ಅಂಚು. ಆದ್ದರಿಂದ ಕಿರೀಟದ ತುದಿ, ಮೂಗಿನ ನೇರ, ಹೊಟ್ಟೆಯ ಬಾಗು, ಆಯುಧದ ಆಕಾರ ಇವುಗಳಿಂದಲೇ ಪಾತ್ರ ಗುರುತಾಗಬೇಕು. ಮುಖವನ್ನು ಪಕ್ಕನೋಟದಲ್ಲಿಯೂ ಎದೆಯನ್ನು ಎದುರುನೋಟದಲ್ಲಿಯೂ ಕಾಲುಗಳನ್ನು ಮತ್ತೆ ಪಕ್ಕಕ್ಕೆ ತಿರುಗಿಸಿಯೂ ಬರೆಯುವುದು ವಾಸ್ತವದ ಅರಿವಿಲ್ಲದೆ ಆದುದಲ್ಲ. ಪ್ರತಿಯೊಂದು ಅಂಗವೂ ಅತ್ಯಂತ ಸ್ಪಷ್ಟವಾಗಿ ಕಾಣುವ ನೋಟವನ್ನು ಆರಿಸಿ ಜೋಡಿಸಿದ ಕ್ರಮವದು.

ಎರಡನೆಯ ನಿಯಮ ಗಾತ್ರದ್ದು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ದೇವತೆಗಳು ಮತ್ತು ಅರಸರ ಗೊಂಬೆಗಳು ದೊಡ್ಡವು, ಸೇವಕರು ಹಾಗೂ ಸಾಮಾನ್ಯರ ಗೊಂಬೆಗಳು ಚಿಕ್ಕವು. ಲಕ್ಷಣಗ್ರಂಥಗಳು ಅಂಗುಲಗಳಲ್ಲಿ ಹೇಳಿದ ತಾರತಮ್ಯ ಇಲ್ಲಿ ಸಾಮಾಜಿಕ ಅಂತಸ್ತಿನ ಅಳತೆಯಾಗಿ ಮಾರ್ಪಟ್ಟಿದೆ. ಮೂರನೆಯದು ಅವಸ್ಥಾಭೇದ. ಒಂದೇ ಪಾತ್ರಕ್ಕೆ ಒಂದೇ ಗೊಂಬೆ ಸಾಲದು. ಪಟ್ಟದ ರಾಮನ ರೂಪ ಬೇರೆ, ಜಟೆ ಧರಿಸಿದ ವನವಾಸಿ ರಾಮನ ರೂಪ ಬೇರೆ. ಆದರೆ ಇಬ್ಬರೂ ಒಬ್ಬನೇ ಎಂದು ತಿಳಿಯುವಂತೆ ಬಣ್ಣ ಹಾಗೂ ಮುಖದ ಗೆರೆಗಳನ್ನು ಉಳಿಸಿಕೊಳ್ಳಬೇಕು. ಬದಲಾವಣೆಯ ನಡುವೆ ಗುರುತನ್ನು ಕಾಯುವ ಈ ಕೆಲಸವೇ ರೂವಾರಿಗೆ ಅತ್ಯಂತ ಕಠಿಣವಾದುದು.

ನಾಲ್ಕನೆಯದು ನಿಯಮಭಂಗದ ನಿಯಮ. ಗಣಪತಿಯ ಸ್ತುತಿಯ ಬಳಿಕ ತೆರೆಯ ಮೇಲೆ ಬರುವ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಹಾಸ್ಯದ ಜೋಡಿ. ಕೆದರಿ ನಿಂತ ಕೂದಲು, ಉಬ್ಬಿದ ಹೊಟ್ಟೆ, ಕಪ್ಪು ಮೈ ಇವು ಕಿಳ್ಳೇಕ್ಯಾತನ ಲಕ್ಷಣಗಳು. ದೇವಪಾತ್ರಗಳ ರೂಪದಲ್ಲಿ ಏನನ್ನು ಮಾಡಬಾರದೋ ಅದೆಲ್ಲವನ್ನೂ ಈ ಗೊಂಬೆಗಳಲ್ಲಿ ಮಾಡಲಾಗಿದೆ. ಹೀಗೆ ಗಂಭೀರ ಪಾತ್ರದ ಚೆಲುವು ಹಾಸ್ಯಪಾತ್ರದ ವಿಕಾರದಿಂದ ಎದ್ದು ಕಾಣುತ್ತದೆ. ಸಮುದಾಯವು ತನ್ನದೇ ಹೆಸರನ್ನು ವಿದೂಷಕನಿಗೆ ಕೊಟ್ಟಿರುವುದು ಸಾಂಸ್ಕೃತಿಕವಾಗಿ ಮಹತ್ವದ ಸಂಗತಿ.

ಇಂತಹ ನೆರಳಿನ ವ್ಯಾಕರಣ ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲ. ಜಾವಾ ದ್ವೀಪದ ವಯಾಂಗ್ ಕುಲಿತ್ ಆಟದಲ್ಲಿ ಸಣ್ಣ ಕಣ್ಣು, ಚೂಪು ಮೂಗು, ಬಾಗಿದ ತಲೆ ಸೌಮ್ಯ ಸ್ವಭಾವವನ್ನೂ, ದುಂಡು ಕಣ್ಣು ಮತ್ತು ದಪ್ಪ ಮೂಗು ಒರಟು ಸ್ವಭಾವವನ್ನೂ ಸೂಚಿಸುತ್ತವೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಪೂರ್ಣಾವಧಿಯ ನೆರಳುಚಿತ್ರವನ್ನು ತೆರೆಗೆ ತಂದಾಗ ಬಳಸಿದುದೂ ಕತ್ತರಿಸಿದ ಆಕಾರಗಳನ್ನೇ. ಪಾತ್ರವನ್ನು ಕಪ್ಪು ನೆರಳಾಗಿಸಿ ನೋಡಿದರೂ ಗುರುತು ಸಿಗಬೇಕೆಂದು ಇಂದಿನ ಆನಿಮೇಷನ್ ತರಗತಿಗಳಲ್ಲಿ ಹೇಳಿಕೊಡುವ ಪಾಠ, ದೀಪದ ಹಿಂದೆ ಕುಳಿತ ಗೊಂಬೆಯಾಟದವನಿಗೆ ದಿನನಿತ್ಯದ ಅನುಭವವಾಗಿತ್ತು.

ಕಲಿಕೆಯ ಕ್ರಮವೂ ಗಮನಿಸತಕ್ಕದ್ದು. ಗೊಂಬೆಯಾಟ ಕುಟುಂಬದ ಕಲೆ. ಮಕ್ಕಳು ಮೊದಲು ತೆರೆಯ ಹಿಂದೆ ಕುಳಿತು ಗೊಂಬೆಗಳನ್ನು ಸರದಿಯಂತೆ ಎತ್ತಿಕೊಡುತ್ತಾರೆ. ಹಾಗೆ ಕೊಡುವಾಗಲೇ ಯಾವುದು ಯಾರ ಗೊಂಬೆ ಎಂಬುದು ಕಣ್ಣಿಗೆ ಹಿಡಿಯುತ್ತದೆ. ಹರಿದುಹೋದ ಗೊಂಬೆಗೆ ಬದಲಾಗಿ ಹೊಸದನ್ನು ಮಾಡುವಾಗ ಹಳೆಯದನ್ನು ಹೊಸ ತೊಗಲಿನ ಮೇಲಿಟ್ಟು ಗೆರೆ ಎಳೆದುಕೊಳ್ಳುವುದು ವಾಡಿಕೆ. ಇದನ್ನು ಬರಿಯ ನಕಲು ಎನ್ನಲಾಗದು. ಸವೆದ ಅಂಚು, ಮುರಿದ ಬೆರಳು, ಮಾಸಿದ ಆಭರಣಗಳನ್ನು ಮಾಡುವವನು ತನ್ನ ತಿಳಿವಿನಿಂದ ತುಂಬಿಕೊಳ್ಳಬೇಕಾಗುತ್ತದೆ. ಅನುಕರಣೆ ಮತ್ತು ಕಲ್ಪನೆ ಒಂದೇ ತೊಗಲಿನ ಮೇಲೆ ಸೇರುವ ಗಳಿಗೆ ಅದು. ಬಳಕೆಗೆ ಬಾರದ ಹಳೆಯ ಗೊಂಬೆಯನ್ನು ವಿಧಿವತ್ತಾಗಿ ನೀರಿಗೆ ಬಿಡುವ ಪದ್ಧತಿಯೂ ಇದೆ. ಗೂಳೂರಿನ ಗಣಪತಿಯಂತೆ ಇಲ್ಲಿಯೂ ಹಳೆಯ ರೂಪ ನೀರು ಸೇರುತ್ತದೆ, ಹೊಸದು ಕೈಯಿಂದ ಹುಟ್ಟುತ್ತದೆ.

ಮುಖವರ್ಣಿಕೆ: ಒಂದು ರಾತ್ರಿಯ ರೂಪ

ಬಯಲುಸೀಮೆಯ ಯಕ್ಷಗಾನ ಪ್ರಕಾರವಾದ ಮೂಡಲಪಾಯವನ್ನು ವಿದ್ವತ್ತಿನ ಗಮನಕ್ಕೆ ತಂದವರಲ್ಲಿ ಜೀ.ಶಂ. ಪರಮಶಿವಯ್ಯನವರು ಪ್ರಮುಖರು. ಕುಣಿಗಲ್ಲಿನ ನೆರೆಯ ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರಾದ ಅವರು ತಾವು ಹುಟ್ಟಿ ಬೆಳೆದ ಪರಿಸರದ ಕಲೆಯನ್ನೇ ಶಾಸ್ತ್ರೀಯ ಅಧ್ಯಯನಕ್ಕೆ ಒಳಪಡಿಸಿದರು. ಭಾಗವತ, ಮುಖವೀಣೆ, ಮದ್ದಳೆ, ತಾಳಗಳ ಹಿಮ್ಮೇಳದೊಡನೆ ಇರುಳಿಡೀ ನಡೆಯುವ ಈ ಆಟವನ್ನು ಆಡುವವರು ವೃತ್ತಿಕಲಾವಿದರಲ್ಲ, ಸುಗ್ಗಿ ಮುಗಿಸಿದ ರೈತರು. ಊರಿಗೆ ಬಂದ ಭಾಗವತರು ತಿಂಗಳುಗಟ್ಟಲೆ ತಾಲೀಮು ನಡೆಸಿ ಪಾತ್ರಗಳನ್ನು ಸಿದ್ಧಪಡಿಸುತ್ತಿದ್ದರು.

ವೇಷವೆಂಬುದು ಇಲ್ಲಿ ಆಳಿನ ಮೈಮೇಲೆ ಕಟ್ಟುವ ಶಿಲ್ಪ. ಹಗುರವಾದ ಮರದಲ್ಲಿ ಕೊರೆದು ಬಣ್ಣದ ಕಾಗದ, ಕನ್ನಡಿ ಚೂರುಗಳಿಂದ ಅಲಂಕರಿಸಿದ ಕಿರೀಟ, ಭುಜಕೀರ್ತಿ, ಎದೆಹಾರಗಳು ರೈತನ ದೇಹದ ಅಗಲ ಎತ್ತರಗಳನ್ನು ಹಿಗ್ಗಿಸಿ ಅವನನ್ನು ಪುರಾಣದ ಪ್ರಮಾಣಕ್ಕೆ ಒಯ್ಯುತ್ತವೆ. ಅರದಾಳ, ಇಂಗಳೀಕ, ಕಾಡಿಗೆಗಳಂತಹ ಬಣ್ಣಗಳು ಮುಖದ ಸಹಜ ಗೆರೆಗಳನ್ನು ಅಡಗಿಸಿ ಪಾತ್ರದ ಗೆರೆಗಳನ್ನು ತರುತ್ತವೆ. ಭರತನ ನಾಟ್ಯಶಾಸ್ತ್ರ ಆಹಾರ್ಯಾಭಿನಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕಾಗಿ ವಿಭಾಗಿಸುತ್ತದೆ. ಮೂಡಲಪಾಯದ ಮರಗೆಲಸ ಹಾಗೂ ಮುಖವರ್ಣಿಕೆಗಳನ್ನು ಈ ವಿಭಾಗಗಳ ಬೆಳಕಿನಲ್ಲಿ ಪರಿಶೀಲಿಸಲು ಸಾಧ್ಯವಿದೆ.

ಪಾತ್ರಪ್ರವೇಶದ ಕ್ರಮ ಈ ಕಲೆಯಲ್ಲಿ ರೂಪಕ್ಕಿರುವ ಮಹತ್ವವನ್ನು ತೋರಿಸುತ್ತದೆ. ವೇಷಧಾರಿ ತೆರೆಯ ಹಿಂದೆ ನಿಲ್ಲುತ್ತಾನೆ. ರಕ್ಕಸ ಪಾತ್ರವಾದರೆ ಅಬ್ಬರದ ಕೂಗು ಕೇಳುತ್ತದೆ, ಪಂಜಿನ ಮೇಲೆ ರಾಳದ ಪುಡಿ ಎರಚಿ ಭಗ್ಗನೆ ಬೆಳಕು ಹೊತ್ತಿಸುತ್ತಾರೆ. ತೆರೆ ಸರಿದು ರೂಪ ಕಾಣುತ್ತದೆ. ಅನಂತರ ಸಾರಥಿ ಬಂದು ಪಾತ್ರವನ್ನು ಮಾತನಾಡಿಸಿ ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಾನೆ. ಕಣ್ಣು ಗುರುತಿಸಿದುದನ್ನು ಮಾತು ದೃಢಪಡಿಸುವ ಕ್ರಮವಿದು. ರೂಪ ಕಂಡ ಗಳಿಗೆಗೂ ಹೆಸರು ಕೇಳಿದ ಗಳಿಗೆಗೂ ನಡುವಿನ ಅವಧಿಯಲ್ಲಿ ವೇಷ ಕಟ್ಟಿದವನ ಪರೀಕ್ಷೆ ನಡೆಯುತ್ತದೆ. ಅಷ್ಟರೊಳಗೆ ಜನ ಪಾತ್ರವನ್ನು ತಾವಾಗಿ ಗುರುತಿಸಿದರೆ ವೇಷ ಗೆದ್ದಂತೆ.

ಬೆಳಗಾದೊಡನೆ ಮುಖದ ಬಣ್ಣ ಎಣ್ಣೆಯಲ್ಲಿ ಅಳಿದುಹೋಗುತ್ತದೆ. ಮುಂದಿನ ಆಟಕ್ಕೆ ಬೇರೊಂದು ಮುಖದ ಮೇಲೆ ಅದೇ ಪಾತ್ರವನ್ನು ಮತ್ತೆ ಬರೆಯಬೇಕು. ಮುಖ ಉದ್ದವೋ ದುಂಡೋ, ಹಣೆ ಕಿರಿದೋ ಅಗಲವೋ ನೋಡಿ ಗೆರೆಗಳನ್ನು ಹೊಂದಿಸಬೇಕು. ಹೀಗಾಗಿ ಬಣ್ಣಗಾರ ಕಲಿತುಕೊಳ್ಳುವುದು ಒಂದು ಚಿತ್ರವನ್ನಲ್ಲ, ಮುಖಕ್ಕೂ ಪಾತ್ರಕ್ಕೂ ಸಂಬಂಧ ಕಲ್ಪಿಸುವ ವಿಧಾನವನ್ನು.

ಕಂಪನಿ ನಾಟಕ: ಬೆಳಕು ಬದಲಾದಾಗ

1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಈ ಸೀಮೆಯ ಪಾತ್ರರೂಪಣೆಯ ಇತಿಹಾಸದಲ್ಲಿ ಹೊಸ ಘಟ್ಟ. 1891ರಲ್ಲಿ ಗುಬ್ಬಿಯಲ್ಲಿ ಜನಿಸಿದ ವೀರಣ್ಣನವರು ಬಾಲನಟರಾಗಿ ಕಂಪನಿಯನ್ನು ಸೇರಿ, 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿಶಾಸ್ತ್ರಿಗಳೂ ತುಮಕೂರು ಸೀಮೆಯವರೇ. 1934ರಲ್ಲಿ ರಂಗಕ್ಕೆ ಬಂದ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಪಂಜಿನ ಬೆಳಕಿನಿಂದ ಗ್ಯಾಸ್‌ಲೈಟ್ ಹಾಗೂ ವಿದ್ಯುತ್ ದೀಪಗಳಿಗೆ ರಂಗ ಸಾಗಿದಂತೆ ಪಾತ್ರದ ರೂಪದಲ್ಲಿಯೂ ಬದಲಾವಣೆ ಅನಿವಾರ್ಯವಾಯಿತು. ಮಿಣುಕು ಬೆಳಕಿನಲ್ಲಿ ಬೇಕಾಗಿದ್ದ ದಪ್ಪ ಗೆರೆ, ಗಾಢ ಬಣ್ಣ, ಮರದ ಭಾರಿ ಆಭರಣಗಳು ಪ್ರಖರ ಬೆಳಕಿನಲ್ಲಿ ಒರಟಾಗಿ ಕಂಡವು. ಅವುಗಳ ಸ್ಥಾನಕ್ಕೆ ಮಖಮಲ್ಲು, ಜರಿ, ತೆಳುಬಣ್ಣ, ಚಿತ್ರಿತ ಪರದೆಗಳು ಬಂದವು. ಪೌರಾಣಿಕ ಅರಸನ ರೂಪದಲ್ಲಿ ಬಯಲಾಟದ ಪ್ರಮಾಣಕ್ಕಿಂತ ಅರಮನೆಯ ಒಡ್ಡೋಲಗದ ವೈಭವ ಮುಖ್ಯವಾಯಿತು. ಹಿಗ್ಗಿದ ಆಕಾರದಿಂದ ಸಾಧ್ಯವಾಗುತ್ತಿದ್ದ ಗುರುತನ್ನು ನಟನ ನಡೆ, ದನಿ, ಮುಖಭಾವಗಳು ಹೊತ್ತುಕೊಳ್ಳಬೇಕಾಯಿತು.

ವೀರಣ್ಣನವರ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಹೆಸರಾದುದು ಮುಖ್ಯವಾಗಿ ಹಾಸ್ಯಪಾತ್ರಗಳಿಂದ. ‘ಸದಾರಮೆ’ಯ ಕಳ್ಳನ ಪಾತ್ರ ಅವುಗಳಲ್ಲಿ ಪ್ರಸಿದ್ಧ. 1935ರಲ್ಲಿ ಈ ಕಥೆ ಚಲನಚಿತ್ರವಾದಾಗಲೂ ಅವರು ಅದರಲ್ಲಿ ಅಭಿನಯಿಸಿದರು. ಗೊಂಬೆಯಾಟದ ಕಿಳ್ಳೇಕ್ಯಾತನಿಗೂ ಮೂಡಲಪಾಯದ ಹಾಸ್ಯಗಾರನಿಗೂ ಇದ್ದ ಸ್ವಾತಂತ್ರ್ಯವನ್ನು ಕಂಪನಿ ನಾಟಕದ ಹಾಸ್ಯಪಾತ್ರ ಮುಂದುವರಿಸಿತು. ರಾಜವೇಷದ ಲಕ್ಷಣಗಳು ಸ್ಥಿರವಾಗಿದ್ದಾಗ ಹೊಸ ಪ್ರಯೋಗಕ್ಕೆ ಎಡೆಯಿದ್ದುದು ಹಾಸ್ಯದಲ್ಲಿಯೇ.

ಕಂಪನಿಯು ಕಲಿಕೆಯ ಕೇಂದ್ರವೂ ಆಗಿತ್ತು. ಹಿರಿಯರೊಡನೆ ಕಿರಿಯರು ಒಂದೇ ಬಿಡಾರದಲ್ಲಿ ವಾಸಿಸಿ, ಸಣ್ಣ ಪಾತ್ರಗಳಿಂದ ದೊಡ್ಡ ಪಾತ್ರಗಳಿಗೆ ಬೆಳೆಯುತ್ತಿದ್ದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಅವರಂತಹ ಕಲಾವಿದರು ಈ ಕಂಪನಿಯ ಗರಡಿಯಿಂದ ಬಂದವರು.  ಬಾಲ್ಯದಲ್ಲಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಆಧುನಿಕ ರಂಗಭೂಮಿಯಲ್ಲಿ ಜಾನಪದ ರೂಪಗಳನ್ನು ಹೊಸದಾಗಿ ದುಡಿಸಿಕೊಂಡ ಕಾರಂತರು 1989ರಲ್ಲಿ ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾದರು. 1972ರಲ್ಲಿ ವೀರಣ್ಣನವರು ನಿಧನರಾದರು. ಅವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಕಲೆಯನ್ನು ದಿನನಿತ್ಯದ ದುಡಿಮೆಯೆಂದು ಕಾಣುವ ಈ ಹೆಸರಿನಲ್ಲಿ ಕಲಿಕೆಯ ತತ್ತ್ವವೂ ಅಡಗಿದೆ.

ಬಾಡಿಗೆಯ ರೂಪ

ಕಂಪನಿ ನಾಟಕದ ಪ್ರಭಾವ ಹಳ್ಳಿಗಳಿಗೆ ಹರಡಿ ಗ್ರಾಮೀಣ ಪೌರಾಣಿಕ ನಾಟಕಗಳ ದೊಡ್ಡ ಪರಂಪರೆಯೊಂದು ಬೆಳೆಯಿತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳ ಸಂದರ್ಭದಲ್ಲಿ ‘ಕುರುಕ್ಷೇತ್ರ’ದಂತಹ ನಾಟಕಗಳು ಇಂದಿಗೂ ಇರುಳಿಡೀ ನಡೆಯುತ್ತವೆ. ಹಾರ್ಮೋನಿಯಂ ಮೇಷ್ಟ್ರು ಪದ ಮತ್ತು ಮಾತುಗಳನ್ನು ಕಲಿಸುತ್ತಾರೆ. ಪಾತ್ರ ವಹಿಸುವವರು ತಮ್ಮ ಪಾತ್ರಕ್ಕೆ ಇಷ್ಟೆಂದು ಹಣ ಹಾಕಿ ಖರ್ಚನ್ನು ಹೊರುತ್ತಾರೆ. ಮೂಡಲಪಾಯದಂತೆ ಇದೂ ರೈತರ ರಂಗಭೂಮಿಯೇ. ಜನರ ಉತ್ಸಾಹ ಕುಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಇಂತಹ ನಾಟಕಗಳಿಗೆ ಬೇಕಾದ ಪರದೆ, ಕಿರೀಟ, ಗದೆ, ಉಡುಪುಗಳು ಪಟ್ಟಣದ ಡ್ರಾಮಾ ಸೀನರಿ ಅಂಗಡಿಗಳಿಂದ ಬಾಡಿಗೆಗೆ ಬರುತ್ತವೆ. ಪಾತ್ರಧಾರಿ ಮಾತನ್ನು ಕಲಿಯುತ್ತಾನೆ, ಪದವನ್ನು ಕಲಿಯುತ್ತಾನೆ. ರೂಪವನ್ನು ಮಾತ್ರ ಕಲಿಯುವುದಿಲ್ಲ, ಅದನ್ನು ಧರಿಸುತ್ತಾನೆ. ಯಾವ ಊರಿನ ದುರ್ಯೋಧನನಾದರೂ ಅದೇ ಪೆಟ್ಟಿಗೆಯ ಕಿರೀಟದಲ್ಲಿ ಕಾಣಿಸಿಕೊಳ್ಳುತ್ತಾನೆ. ಆಯಾ ಊರಿನಲ್ಲಿ ಮರ ಕೊರೆಯುವವನಿಗೂ ಕಾಗದ ಅಂಟಿಸುವವನಿಗೂ ಮುಖ ಬರೆಯುವವನಿಗೂ ಇದ್ದ ಕೆಲಸ ಇಲ್ಲವಾದುದರಿಂದ, ಆ ಕೆಲಸವನ್ನು ನೋಡಿ ಕಲಿಯುವ ಅವಕಾಶವೂ ಇಲ್ಲವಾಯಿತು. ಬಾಡಿಗೆಯ ವ್ಯವಸ್ಥೆ ನಾಟಕವನ್ನು ಉಳಿಸಿದೆ; ರೂವಾರಿಯನ್ನು ಉಳಿಸಿಲ್ಲ.

ಸಂಗ್ರಹ ಮತ್ತು ಕಲಿಕೆ

ಕಳೆದ ಶತಮಾನದ ಉತ್ತರಾರ್ಧದಲ್ಲಿ ಜಾನಪದ ವಸ್ತುಗಳ ಸಂಗ್ರಹಕ್ಕೆ ಮಹತ್ವದ ಪ್ರಯತ್ನಗಳು ನಡೆದವು. 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರ ನೇತೃತ್ವದಲ್ಲಿ ರೂಪುಗೊಂಡ ರಾಮನಗರದ ಜಾನಪದ ಲೋಕ, ಮೇಲೆ ಹೇಳಿದ ಚಿತ್ರಕಲಾ ಪರಿಷತ್ತಿನ ಸಂಗ್ರಹ ಇವು ಇಲ್ಲದಿದ್ದರೆ ಅನೇಕ ರೂಪಗಳು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಕಲಾವಿದರಿಗೆ ಸಲ್ಲಬೇಕಾದ ಮನ್ನಣೆಯೂ ತಡವಾಗಿಯಾದರೂ ಸಂದಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಪ್ರಕಟವಾಯಿತು.

ಆದರೂ ಸಂಗ್ರಹಾಲಯದ ಸ್ವಭಾವದಲ್ಲಿಯೇ ಒಂದು ಇಕ್ಕಟ್ಟಿದೆ. ಗಾಜಿನ ಹಿಂದೆ ಇರಿಸಿದ ಗೊಂಬೆ ಹರಿಯುವುದಿಲ್ಲ. ಹರಿಯದ ಗೊಂಬೆಗೆ ಬದಲಿಯನ್ನು ಮಾಡಬೇಕಾಗಿಲ್ಲ. ಅದನ್ನು ಹೊಸ ತೊಗಲಿನ ಮೇಲಿಟ್ಟು ಗೆರೆ ಎಳೆಯುವವರಿಲ್ಲ, ದೀಪದ ಮುಂದೆ ಹಿಡಿದು ದೂರದಿಂದ ನೋಡುವವರಿಲ್ಲ. ರೂಪ ಸುರಕ್ಷಿತವಾದಂತೆ ರೂಪಣೆಯ ವಿದ್ಯೆ ನಿಂತುಹೋಗುತ್ತದೆ. ಕೈದಾಳದ ಕಲ್ಲಿಗೆ ಆದುದೇ ಸಂಗ್ರಹಾಲಯದ ತೊಗಲಿಗೂ ಆಗುವ ಸಂಭವವಿದೆ.

ಇತ್ತ ಬೆಂಗಳೂರು ಆನಿಮೇಷನ್ ಉದ್ಯಮದ ಮುಖ್ಯ ಕೇಂದ್ರಗಳಲ್ಲೊಂದಾಗಿ ಬೆಳೆದಿದೆ. ಕರ್ನಾಟಕ ಸರ್ಕಾರ 2012ರಲ್ಲಿಯೇ ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿತು. ಪಾತ್ರಗಳನ್ನು ರೂಪಿಸುವ ಕೆಲಸವನ್ನು ಜೀವನೋಪಾಯವಾಗಿ ಆರಿಸಿಕೊಳ್ಳುವ ತರುಣರು ತುಮಕೂರಿನಂತಹ ಜಿಲ್ಲೆಗಳಿಂದಲೂ ಬರುತ್ತಿದ್ದಾರೆ. ಅವರ ಮುಂದಿರುವ ಮಾದರಿಗಳು ಬಹುಮಟ್ಟಿಗೆ ಅಮೆರಿಕ ಮತ್ತು ಜಪಾನುಗಳವು. ಹೊರಗೆರೆ, ಗಾತ್ರದ ತಾರತಮ್ಯ, ಅವಸ್ಥಾಭೇದ, ಗಂಭೀರ–ಹಾಸ್ಯಗಳ ವೈದೃಶ್ಯ ಇವನ್ನು ಅಲ್ಲಿಂದ ಕಲಿಯಬಾರದೆಂದಲ್ಲ. ಅದೇ ತತ್ತ್ವಗಳನ್ನು ತಮ್ಮ ಹೋಬಳಿಯ ದಾರಿಯಲ್ಲಿ ಹಾದುಹೋಗುತ್ತಿದ್ದ ಗೊಂಬೆಯಾಟದವರು ಬಲ್ಲವರಾಗಿದ್ದರು ಎಂಬ ಅರಿವು ಅವರಿಗೆ ದೊರೆಯಬೇಕಾಗಿದೆ. ಹಳೆಯ ಗೊಂಬೆಯ ಆಭರಣವನ್ನು ಅಲಂಕಾರವಾಗಿ ಎತ್ತಿಕೊಂಡು ಹೊಸ ಪಾತ್ರಕ್ಕೆ ತೊಡಿಸುವುದು ಸುಲಭ. ಆ ಆಭರಣಕ್ಕೆ ಅಷ್ಟೇ ರಂಧ್ರಗಳನ್ನು ಏಕೆ ಕೊರೆದರು ಎಂದು ದೀಪದ ಮುಂದೆ ಹಿಡಿದು ತಿಳಿಯುವುದು ಕಲಿಕೆ.

ಈ ದಿಸೆಯಲ್ಲಿ ಸಂಗ್ರಹಾಲಯಗಳೂ ವಿಶ್ವವಿದ್ಯಾನಿಲಯಗಳೂ ಮಾಡಬಹುದಾದ ಕೆಲಸಗಳಿವೆ. ಸಂಗ್ರಹದಲ್ಲಿರುವ ಗೊಂಬೆಗಳ ಹೊರಗೆರೆಗಳನ್ನು ಪೂರ್ಣಾಳತೆಯಲ್ಲಿ ಪ್ರತಿ ಮಾಡಿ ಅಭ್ಯಾಸಕ್ಕೆ ಒದಗಿಸಬಹುದು. ಗೊಂಬೆ ಮಾಡುವ, ವೇಷ ಕಟ್ಟುವ ಹಿರಿಯರಿಂದ ಕೆಲಸದ ಅನುಕ್ರಮವನ್ನೂ ಅದರ ಕಾರಣಗಳನ್ನೂ ದಾಖಲಿಸಬಹುದು. ಸಿದ್ಧ ವಸ್ತುವಿನ ಛಾಯಾಚಿತ್ರಕ್ಕಿಂತ ತಪ್ಪಿ ತಿದ್ದಿದ ಹಂತಗಳ ದಾಖಲೆ ಹೆಚ್ಚು ಉಪಯುಕ್ತ. ದೃಶ್ಯಕಲಾ ಶಾಲೆಗಳ ಪಠ್ಯದಲ್ಲಿ ಈ ಕಲಾವಿದರಿಗೆ ಪ್ರಾತ್ಯಕ್ಷಿಕೆಯ ಸ್ಥಾನವನ್ನಲ್ಲ, ಅಧ್ಯಾಪಕರ ಸ್ಥಾನವನ್ನು ಕೊಡಬಹುದು. ಗ್ರಾಮೀಣ ನಾಟಕಗಳಲ್ಲಿ ಒಂದೆರಡು ಪಾತ್ರಗಳ ವೇಷವನ್ನಾದರೂ ಊರಿನಲ್ಲಿಯೇ ತಯಾರಿಸುವಂತೆ ಉತ್ತೇಜನ ನೀಡಬಹುದು.

ಸಮಾರೋಪ

ಗುಬ್ಬಿ–ಕುಣಿಗಲ್ ಸೀಮೆಯ ಐದು ಮಾಧ್ಯಮಗಳನ್ನು ಒಟ್ಟಿಗೆ ನೋಡಿದಾಗ ಪಾತ್ರರೂಪಣೆಯ ಕೌಶಲ ಬೆಳೆದ ಬಗೆ ಸ್ಪಷ್ಟವಾಗುತ್ತದೆ. ನೋಡುಗನ ದೂರ ಮತ್ತು ಬೆಳಕನ್ನು ಅರಿತು ರೂಪವನ್ನು ಹೊಂದಿಸುವುದು, ಹಳೆಯದನ್ನು ಅನುಸರಿಸುತ್ತಲೇ ಸವೆದುದನ್ನು ಸ್ವಂತ ತಿಳಿವಿನಿಂದ ತುಂಬುವುದು, ಇನ್ನೊಬ್ಬರ ಕಣ್ಣಿಗೆ ಒಡ್ಡಿ ತಿದ್ದಿಕೊಳ್ಳುವುದು, ಸ್ಥಿರರೂಪಗಳ ನಡುವೆ ಹಾಸ್ಯದಲ್ಲಿ ಪ್ರಯೋಗ ಮಾಡುವುದು ಈ ಕಲಿಕೆಯ ಮುಖ್ಯ ಅಂಗಗಳು. ಇವೆಲ್ಲಕ್ಕೂ ಆಧಾರವಾಗಿದ್ದುದು ಪುನರ್ರಚನೆಯ ಅನಿವಾರ್ಯತೆ. ರೂಪ ಅಳಿಯುವುದು ನಿಂತ ಕಡೆ ಕಲಿಕೆಯೂ ನಿಂತಿದೆ. ಮತ್ತೆ ಮಾಡುವ ಕೆಲಸ ನಡೆದಿರುವ ಕಡೆ ಅದು ಜೀವಂತವಾಗಿದೆ. ಆದುದರಿಂದ ಜಾನಪದ ಸಂರಕ್ಷಣೆಯ ಯೋಜನೆಗಳು ಸಿದ್ಧರೂಪಗಳನ್ನು ಕಾಪಾಡುವುದರ ಜೊತೆಗೆ ಅವುಗಳನ್ನು ಮತ್ತೆ ಮಾಡುವ ಸಂದರ್ಭಗಳನ್ನೂ ಕಲ್ಪಿಸಬೇಕಾಗಿದೆ. ಪ್ರತಿವರ್ಷ ಕೆರೆಯಲ್ಲಿ ಕರಗುವ ಗೂಳೂರಿನ ಗಣಪತಿ ಮುಂದಿನ ಚೌತಿಗೆ ಮತ್ತೆ ಮೈದಾಳುವುದು ಆ ಕೆಲಸ ಊರಿನಲ್ಲಿ ಇನ್ನೂ ನಿಲ್ಲದಿರುವುದರಿಂದಲೇ.